ಜಪಾನಿನ ಗಟಾರ ಮುಚ್ಚಳಗಳೂ ನಮ್ಮ ಮಾಮಾನೂ

ಜಪಾನಿಗೆ ಹೋಗಿ ಫ್ಯುಜಿ ಪರ್ವತಕ್ಕೆ ಬೆನ್ನು ತಿರುಗಿಸಿ ನಿಂತ ಮನುಷ್ಯರು ಭೂಮಿಯ ಮೇಲೆ ಎಷ್ಟು ಜನ ಇದ್ದಾರು? ನನಗೆ ಗೊತ್ತಿರುವುದು ಒಬ್ಬನೇ. ದುರ್ದೈವಕ್ಕೆ ಆತ ನನ್ನ ಸೋದರಮಾವ!

ಬುಲೆಟ್ ರೈಲಿನಲ್ಲಿದ್ದವರೆಲ್ಲ ಬಲಗಡೆಯ ಕಿಟಕಿಗೆ ಮೂಗು ಹಚ್ಚಿ, ಮೊಬೈಲು ಎತ್ತಿ ಹಿಡಿದು ಆ ಹಿಮದ ಬೆಟ್ಟವನ್ನು ನೋಡುತ್ತಿದ್ದರು. ಮಾಮಾ ಮಾತ್ರ ಬಾಗಿಲ ಕಡೆ ತಿರುಗಿ, ಟಿಕೆಟ್ ತಪಾಸಣೆಯವನನ್ನು ಬಾಯಿ ತೆರೆದು ನೋಡುತ್ತಿದ್ದ. ಆ ಮನುಷ್ಯ ಈ ಡಬ್ಬಿಯಿಂದ ಮುಂದಿನ ಡಬ್ಬಿಗೆ ದಾಟುವ ಮುಂಚೆ ತಿರುಗಿ ನಿಂತು ಪ್ರಯಾಣಿಕರಿಗೆಲ್ಲ ತಲೆಬಾಗಿದನಂತೆ!

"ಮಾಮಾ, ಫ್ಯುಜಿ! ಫ್ಯುಜಿ ಹೊಂಟದ ನೋಡು!" ಎಂದು ನಾನು ಅವನ ತೋಳು ಜಗ್ಗಿದೆ.

"ಅದೆಲ್ಲಿಗಿ ಹೋಗ್ತದ ಬಿಡವ್ವಾ. ಇಂವಾ ನೋಡು, ಮತ್ತ ಬಾಗ್ಲತ್ತಾನ!"

ಮಾಮಾ ಮಹಾರಾಷ್ಟ್ರದ ಗಡಿಯ ಯೆಣೆಗೂರದವನು. ಉಮರ್ಗಾ, ನಿಲಂಗಾ, ಉದಗೀರ ಎಂದು ಆಯುಷ್ಯವೆಲ್ಲ ಸರ್ಕಾರಿ ಕೆಂಪು ಬಸ್ಸಿನಲ್ಲಿ ಕಂಡಕ್ಟರ್ ಆಗಿ ಓಡಾಡಿ ನಿವೃತ್ತನಾದವನು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ತಲೆಯಲ್ಲಿ ಏನೂ ಇಲ್ಲ. ಇದು ನನ್ನ ಅಭಿಪ್ರಾಯವಷ್ಟೇ ಅಲ್ಲ, ಅತ್ತೆಯದೂ ಹೌದು. ನಾವು ಚಿಕ್ಕವರಿದ್ದಾಗ ಉದಗೀರದ ಕೋಟೆ ತೋರಿಸುತ್ತೇನೆಂದು ಕರೆದೊಯ್ದವನು, ಕೋಟೆಯ ಬಾಗಿಲಿಗೆ ಹೋಗುವ ಮುಂಚೆ ಒಂದು ಚಹಾದಂಗಡಿಯಲ್ಲಿ ಕೂರಿಸಿದ. ಅಲ್ಲಿಯ ಸ್ಟೋವು ಸದ್ದು ಮಾಡದೆ ಉರಿಯುತ್ತಿತ್ತು. ಒಂದು ತಾಸು ಅದನ್ನೇ ತೋರಿಸಿ ಮರಳಿ ಬಸ್ಸು ಹತ್ತಿಸಿದ! ಔರಾದ ಶಹಾಜನಿಯ ಸಂತೆಗೆ ಹೋದಾಗಲೂ ಅಷ್ಟೆ. ಸಂತೆ ಬಿಟ್ಟು ಊರಾಚೆ ರಾಜ್ಯ ಬದಲಾಗುವ ಕಡೆ ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಿದ. "ಒಂದು ಕಾಲು ಮಹಾರಾಷ್ಟ್ರದಾಗ ಇಡ್ರಿ, ಒಂದು ಕಾಲು ಕರ್ನಾಟಕದಾಗ. ಏನರ ಫರಕ್ ಅನಸ್ತದೇನು?" ಅನಿಸಿತು. ಎರಡೂ ಕಾಲು ಸುಟ್ಟವು.

ಇಂಥವನಿಗೆ ಜಪಾನು ಯಾಕೆ ಬೇಕಾಗಿತ್ತು? ಅವನ ಮಗಳು ಮಲ್ಲಿ ಅಲ್ಲಿದ್ದಾಳೆ. ನರ್ಸಿಂಗ್ ಕಲಿತು, ಜಪಾನಿ ಭಾಷೆ ಕಲಿತು, ಸಮುದ್ರದ ದಂಡೆಯ ಒಂದು ಸಣ್ಣ ಊರಿನಲ್ಲಿ ಮುದುಕ ಮುದುಕಿಯರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾಳೆ. ಅತ್ತೆಗೆ ಮೊಣಕಾಲು ನೋವು, ವಿಮಾನದ ಹೆದರಿಕೆ. ಹೀಗಾಗಿ ನಿಲಂಗಾದ ಶಾಲೆಯಲ್ಲಿ ಶಿಕ್ಷಕಿಯಾಗಿರುವ ನನಗೆ ಬೇಸಿಗೆ ರಜೆಯಲ್ಲಿ ಮಾಮಾನನ್ನು ಕಾಯುವ ಕೆಲಸ ಬಂತು. ಹೊರಡುವ ದಿನ ಅತ್ತೆ ನಮ್ಮಿಬ್ಬರನ್ನೂ ದೇವರ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಆಕಿ ಅಲ್ಲೇ ಇನ್ನ ಐದು ವರ್ಷದ ಕರಾರಿಗಿ ಸಹಿ ಮಾಡ್ಲತ್ತಾಳಂತ. ಉದಗೀರದಾಗ ಛಲೋ ವರ ಅದಾನ, ಹೊಲಾ ಮನಿ ಎಲ್ಲಾ ಅದ. ಹ್ಯಾಂಗರ ಮಾಡಿ ಮನಸ್ಸು ತಿರುಗಿಸಿ ಬರ್ರಿ. ಏನ್ರೀ, ನಿಮಗೇ ಹೇಳ್ಲತ್ತೀನಿ, ಕೇಳಸ್ತೇನು?"

ಮಾಮಾ ತಲೆಯಾಡಿಸಿದ. ಅತ್ತೆಯ ಮುಂದೆ ಅವನು ಬೇರೆ ಏನನ್ನೂ ಆಡಿಸಿದ್ದನ್ನು ನಾನು ನೋಡಿಲ್ಲ.

ಮಲ್ಲಿ ತಾನು ಉಳಿಸಿಟ್ಟಿದ್ದ ರಜೆಯನ್ನೆಲ್ಲ ನಮಗಾಗಿ ತೆಗೆದಿದ್ದಳು. ಬೆಳಿಗ್ಗೆ ಹೋಗಿ ಸಂಜೆ ಮರಳಬಹುದಾದ ಜಾಗಗಳ ಪಟ್ಟಿಯನ್ನೂ ಬರೆದಿಟ್ಟಿದ್ದಳು. ಜಿಂಕೆಗಳು ಓಡಾಡುವ ದೇವಸ್ಥಾನ, ಬಂಗಾರದ ಮಂಟಪ, ಅರಮನೆ. ಆಹಾ, ಕೇಳಿಯೇ ನನ್ನ ಬಾಯಲ್ಲಿ ನೀರೂರಿತು! ಮಾಮಾ ಪಟ್ಟಿಯನ್ನು ಓದಿ ಮಡಚಿ ಕಿಸೆಯಲ್ಲಿಟ್ಟುಕೊಂಡ. "ಇವೆಲ್ಲಾ ಮಂದಿ ನೋಡೂವು ಇದ್ದಾವ. ಬ್ಯಾರೆ ಏನರ ಅವೇನು?" ಎಂದ.

ಬೇರೆ ಏನಾದರೂ ಇದ್ದವು. ದೇವರು ಜಪಾನಿನಲ್ಲೂ ನನ್ನ ಕೈ ಬಿಟ್ಟಿದ್ದ.

ಮೊದಲ ದಿನ ಗುಡ್ಡ ಹತ್ತುವುದೆಂದಾಯಿತು. ನಾನು ಹೊಸ ಬೂಟು ಹಾಕಿಕೊಂಡೆ, ನೀರಿನ ಎರಡು ಬಾಟಲಿ, ನೋವಿನ ಮುಲಾಮು ಚೀಲಕ್ಕೆ ಹಾಕಿದೆ. ಎರಡು ರೈಲು ಬದಲಿಸಿ ಬಂದರಿನ ಹತ್ತಿರದ ಒಂದು ಉದ್ಯಾನಕ್ಕೆ ಬಂದೆವು. "ಗುಡ್ಡ ಎಲ್ಲಿ?" ಎಂದೆ. "ಅಕ್ಕಾ, ನೀ ಅದರ ಮ್ಯಾಲೇ ನಿಂತೀದಿ," ಎಂದಳು ಮಲ್ಲಿ. ಅದು ಜಪಾನಿನ ಅತಿ ಗಿಡ್ಡ ಗುಡ್ಡಗಳಲ್ಲಿ ಒಂದಂತೆ! ನಮ್ಮೂರಿನ ಕಣಿಕೆಯ ಬಣವೆಯೂ ಅದಕ್ಕಿಂತ ಎತ್ತರ. ಮಾಮಾ ಮಾತ್ರ ಸೊಂಟಕ್ಕೆ ಕೈಯಿಟ್ಟು ನಾಲ್ಕೂ ದಿಕ್ಕು ನೋಡಿ ಫೋಟೋ ತೆಗೆಸಿಕೊಂಡ. ಅಷ್ಟರಲ್ಲಿ ಒಬ್ಬ ಜಪಾನಿ ಮುದುಕ ಕೋಲೂರುತ್ತ ಹತ್ತಿ ಬಂದು ಮಾಮಾನಿಗೆ ನಡು ಬಗ್ಗಿಸಿ ಏನೋ ಹೇಳಿದ. ಗುಡ್ಡ ಹತ್ತಿದ್ದಕ್ಕೆ ಅಭಿನಂದನೆ ಹೇಳಿದನಂತೆ. ಸರಿ, ಜಗತ್ತಿನಲ್ಲಿ ನಮ್ಮ ಮಾಮಾ ಒಬ್ಬನೇ ಅಲ್ಲ! ಇಬ್ಬರೂ ಬೆಂಚಿನ ಮೇಲೆ ಕುಳಿತು ನಾವು ಊರಿಂದ ತಂದಿದ್ದ ಶೇಂಗಾ ಹೋಳಿಗೆ ತಿಂದರು. ನಾನು ಇಳಿಯೋಣ ಎಂದರೆ ಮಾಮಾ, "ತಡಿಯವ್ವಾ, ಇನ್ನಾ ದಮ್ಮು ಹತ್ತೇದ," ಎಂದ.

ಮರುದಿನ ಗಟಾರ. ನಾನು ಸುಳ್ಳು ಹೇಳುತ್ತಿಲ್ಲ. ಜಪಾನಿನಲ್ಲಿ ರಸ್ತೆಯ ಗಟಾರದ ಮುಚ್ಚಳಗಳ ಮೇಲೆ ಹೂವು, ಮೀನು, ಸೇತುವೆ ಎಂದು ಒಂದೊಂದು ಊರಿಗೆ ಒಂದೊಂದು ಚಿತ್ರ ಇರುತ್ತದೆ. ಮಾಮಾ ಅವುಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕರವಸ್ತ್ರದಿಂದ ಧೂಳು ಒರೆಸಿ ಒರೆಸಿ ನೋಡತೊಡಗಿದ. "ನಮ್ಮ ಗಲ್ಯಾಗ ಚಿತ್ರ ತೆಗಿಬೇಕಂದ್ರ ನೀರಿನ ಮ್ಯಾಲ ತೆಗಿಬೇಕು, ಮುಚ್ಚಳನೇ ಇಲ್ಲ!" ಎಂದು ತಾನೇ ನಕ್ಕ. ಪಕ್ಕದಲ್ಲಿ ಮಲ್ಲಿಯೂ ಕುಕ್ಕರಗಾಲಲ್ಲಿ ಕುಳಿತು ಯಾವುದೋ ಮೀನಿನ ಹೆಸರು ಹೇಳುತ್ತಿದ್ದಳು. ಸೈಕಲ್ ಮೇಲೆ ಒಬ್ಬ ಪೊಲೀಸ್ ಬಂದ. ಸದ್ಯ, ಯಾರಾದರೂ ಇವನನ್ನು ಹಿಡಿದುಕೊಂಡು ಹೋದರೆ ನಾನು ಬಂಗಾರದ ಮಂಟಪ ನೋಡಬಹುದು ಎಂದುಕೊಂಡೆ. ಪೊಲೀಸನು ವಿಷಯ ಕೇಳಿ ಸೈಕಲ್ಲಿನಿಂದ ಇಳಿದ. ಎರಡು ಓಣಿ ಆಚೆ ಇದಕ್ಕಿಂತ ಚೆಂದದ ಬಣ್ಣದ ಮುಚ್ಚಳ ಇದೆಯೆಂದು ಹೇಳಿ, ಸೈಕಲ್ ತಳ್ಳುತ್ತ ತಾನೇ ಮುಂದೆ ನಡೆದ!

ಇಷ್ಟಾದರೂ ಉದಗೀರದ ವರನ ಮಾತು ಮಾಮಾನ ಬಾಯಿಂದ ಹೊರಬೀಳಲಿಲ್ಲ. ನಾನು ಕಣ್ಸನ್ನೆ ಮಾಡಿದರೆ ಆಕಾಶ ನೋಡುತ್ತಿದ್ದ, ಕಾಲು ತುಳಿದರೆ ಚಪ್ಪಲಿ ನೋಡುತ್ತಿದ್ದ. ಹೆಂಡತಿಯದೂ ಹೆದರಿಕೆ, ಮಗಳದೂ ಹೆದರಿಕೆ! ಹೇಡಿಯಾದವನಿಗೆ ಗಟಾರವೂ ತೀರ್ಥಕ್ಷೇತ್ರ ಎಂದು ನನಗೆ ಖಾತ್ರಿಯಾಯಿತು.

ಕೊನೆಯ ದಿನ. ಮಾಮಾನಿಗೆ ಒಂದು ರೈಲು ಮಾರ್ಗದ ಕಟ್ಟಕಡೆಯ ನಿಲ್ದಾಣ ನೋಡಬೇಕಿತ್ತು. ಅಲ್ಲೇನಿದೆ? "ಏನೂ ಇಲ್ಲಂತ," ಎಂದ, ಬಹಳ ಸಂತೋಷದಿಂದ. ಒಂದೇ ಡಬ್ಬಿಯ ರೈಲು ಅದು. ಡ್ರೈವರೇ ಟಿಕೆಟನ್ನೂ ನೋಡಿಕೊಳ್ಳುತ್ತಾನೆ. ಕಂಡಕ್ಟರ್ ಇಲ್ಲ ಎಂದು ತಿಳಿದೊಡನೆ ಮಾಮಾನ ಮುಖ ಕೆಂಪಾಯಿತು. ಮುಂದಿನ ನಿಲ್ದಾಣದಲ್ಲಿ ಮುದುಕಿಯರ ಗುಂಪೊಂದು ಹತ್ತಿ ಬಾಗಿಲಲ್ಲೇ ನಿಂತಿತು. ಮಾಮಾ ಎದ್ದ. ಎದ್ದು, ಮೇಲಿನ ಕಂಬಿ ಹಿಡಿದು, ನಿಲಂಗಾ ಸ್ಟ್ಯಾಂಡಿನ ಗಂಟಲಿನಲ್ಲಿ ಮರಾಠಿಯಲ್ಲಿ ಕೂಗಿದ: "ಚಲಾ ಚಲಾ, ಪುಢೇ ಸರಕಾ!"

ನಾನು ಮುಖ ಮುಚ್ಚಿಕೊಂಡೆ. ಬೆರಳ ಸಂದಿಯಿಂದ ನೋಡಿದರೆ ಮುದುಕಿಯರೆಲ್ಲ ಸಾಲಾಗಿ ಮುಂದೆ ಸರಿಯುತ್ತಿದ್ದಾರೆ!

ಅವರಲ್ಲೊಬ್ಬಾಕೆ ಇಳಿಯುವಾಗ ಗಾಡಿ ಹೊರಡುವುದರಲ್ಲಿತ್ತು. ಮಲ್ಲಿ ಓಡಿ ಹೋಗಿ ಡ್ರೈವರಿಗೆ ಗಟ್ಟಿಯಾಗಿ ಏನೋ ಹೇಳಿ ನಿಲ್ಲಿಸಿದಳು. ಮುದುಕಿಯ ಕೈ ಹಿಡಿದು ಇಳಿಸಿ, ಅವಳ ಚೀಲ ಕೈಗೆ ಕೊಟ್ಟು, ಡ್ರೈವರಿಗೆ ತಲೆಬಾಗಿ ಬಂದು ಕುಳಿತಳು. ಮಾಮಾ ಅದನ್ನೆಲ್ಲ ನೋಡುತ್ತಿದ್ದ.

ಕಡೆಯ ನಿಲ್ದಾಣದಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಒಂದು ಕಟ್ಟೆ, ಒಂದು ಬೆಂಚು, ಎದುರಿಗೆ ಸಮುದ್ರ. ಚಹಾದಂಗಡಿ ಕೂಡ ಇಲ್ಲ! ಮರಳುವ ರೈಲು ಒಂದೂವರೆ ತಾಸಿಗೆ. ನನ್ನ ತಾಳ್ಮೆ ತಪ್ಪಿತು.

"ಮಾಮಾ, ನಾಳೆ ವಿಮಾನ ಅದ! ಆಕಿ ರಜಾ ಎಲ್ಲಾ ಗಟಾರಿಗಿ ಹಾಕ್ದಿ. ಬಂದ ಕೆಲಸ ಒಂದರ ಮಾಡಿದೇನು? ಅತ್ತಿ ಮುಂದ ಹೋಗಿ ಏನ್ ಹೇಳ್ತಿ?"

ಮಲ್ಲಿಯ ನಗು ನಿಂತಿತು. ಅವಳು ಬಂದು ಅಪ್ಪನ ಪಕ್ಕ ಬೆಂಚಿನ ಮೇಲೆ ಕುಳಿತಳು.

"ಅಪ್ಪಾ, ಅವ್ವ ಏನೋ ಹೇಳಿ ಕಳಿಸ್ಯಾಳ ಅಲ್ಲಾ?"

"ಹೂಂ. ಕರ್ಕೊಂಡು ಬಾ ಅಂದಾಳ."

"ಮತ್ತ ಯಾಕ ಕೇಳ್ಲಿಲ್ಲ ನೀ?"

ಮಾಮಾ ಚಪ್ಪಲಿ ಬಿಟ್ಟು ಕಾಲನ್ನು ಬೆಂಚಿನ ಮೇಲೆ ಎತ್ತಿಕೊಂಡ. "ಕೇಳಿದ್ರ ನೀ ಬರ್ತೀನಿ ಅಂತಿದ್ದಿ," ಎಂದ. "ಎಂದೂ ನನ್ನ ಮಾತು ಮೀರಿದಾಕಿ ಅಲ್ಲ ನೀ. ಅದರದೇ ಅಂಜಿಕಿ ನನಗ. ಇಲ್ಲಿ ಹ್ಯಾಂಗ ಅದೀ ಅಂತ ಕಣ್ಣಾರೆ ನೋಡಬೇಕಿತ್ತು. ದೊಡ್ಡ ದೊಡ್ಡ ಜಾಗಕ್ಕ ಹೋದ್ರ ಜಾಗಾನೇ ನೋಡ್ಕೊಂತ ನಿಂದರಬೇಕಾಗ್ತದ. ಏನೂ ಇಲ್ಲದ ಕಡಿ ಹೋದ್ರ ನೀ ಕಾಣಸ್ತಿ."

ನಾನು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಿದ್ದೆ. ಚೀಲವನ್ನು ಮಡಿಲಿಗೆಳೆದುಕೊಂಡು ಇನ್ನಷ್ಟು ಅಂಚಿಗೆ ಸರಿದೆ.

"ಊರಾಗಿದ್ದಾಗ ಸ್ಟಾಪ್ ಬಂದ್ರೂ ಇಳೀತೀನಿ ಅನ್ಲಾಕ ಅಂಜ್ತಿದ್ದಿ. ಮುಂದಿನ ಊರಿಗಿ ಹೋಗಿ ಬಿಸಲಾಗ ನಡಕೊಂತ ಬರ್ತಿದ್ದಿ," ಎಂದ ಮಾಮಾ. "ಇವತ್ತ ಪರದೇಶದಾಗ ಗಾಡಿ ನಿಂದರಿಸಿದೆಲ್ಲವ್ವಾ!"

ಮಲ್ಲಿ ಸಮುದ್ರದ ಕಡೆ ನೋಡುತ್ತಲೇ ಹೇಳಿದಳು: "ನನಗ ಇಲ್ಲೇ ಇರಬೇಕನಸ್ತದ ಅಪ್ಪಾ."

"ಕಂಡದ ನನಗ," ಎಂದವನೇ ಮಾಮಾ ಫೋನು ತೆಗೆದು ಅತ್ತೆಗೆ ಹಚ್ಚಿದ. ಅತ್ತೆಯನ್ನು ಕೇಳದೆ ಎರಡನೆಯ ಕಪ್ ಚಹಾ ಕುಡಿಯದ ಮನುಷ್ಯ!

"ಕೇಳ್ಲತ್ತೀ? ಮಲ್ಲಿ ಬರಂಗಿಲ್ಲ. ಆಕೀದೇನು ತಪ್ಪಿಲ್ಲ, ಬರ್ತೀನಂತನೇ ಹಟ ಹಿಡದಿದ್ದಳು. ನಾನೇ ಬ್ಯಾಡ ಅಂದೀನಿ. ಬೈಯೂದಿದ್ರ ನನಗ ಬೈ."

ಅತ್ತೆ ಬೈದಳು. ಮಾಮಾ ಫೋನು ಕಿವಿಗೆ ಹಿಡಿದುಕೊಂಡೇ ಪೂರ್ತಿ ಕೇಳಿಸಿಕೊಂಡ.

ರೈಲು ಬಂತು. ಖಾಲಿ ಡಬ್ಬಿಯಲ್ಲಿ ಮಲ್ಲಿ ಅಪ್ಪನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಳು, ಬಿಡಲೇ ಇಲ್ಲ. ಪಕ್ಕದಲ್ಲಿ ನನಗೂ ಜಾಗವಿತ್ತು. ನಾನು ಚೀಲ ಎತ್ತಿಕೊಂಡು ಡಬ್ಬಿಯ ಆ ತುದಿಗೆ ಹೋಗಿ ಕುಳಿತೆ.