ಪಾಯಸಕ್ಕೆ ಮೊದಲೇ ಎದ್ದವರು

ಮನೆ ಕೊಳ್ಳುತ್ತೇವೆ ಎಂದು ಹೊರಟ ಮೇಲೆ ನಮ್ಮ ಸಂಸಾರದಲ್ಲಿ ನಗೆಪಾಟಲಿನ ಪ್ರಸಂಗಗಳಿಗೆ ಒಂದು ವಾರವೂ ರಜೆ ಸಿಕ್ಕಿಲ್ಲ. ಕೇಳಿದವರು ನಗುತ್ತಾರೆ. ನಡೆಯುವಾಗ ನನಗಂತೂ ಅಳುವೇ ಬಂದಿತ್ತು. ನನಗೇನು ಅರಮನೆ ಬೇಕಿರಲಿಲ್ಲ. ಸ್ಯಾನ್ ಡಿಯಾಗೊದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ನಾವಿದ್ದ ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ. ಹಾಗಾಗಿ ಮದುವೆಯಲ್ಲಿ ಅಮ್ಮ ಕೊಟ್ಟ ದೇವರ ಫೋಟೋ ಅಡುಗೆಕಟ್ಟೆಯ ಮೇಲೆ ಟೋಸ್ಟರಿಗೆ ಒರಗಿಕೊಂಡಿತ್ತು. ಬ್ರೆಡ್ ಮೇಲಕ್ಕೆ ಹಾರಿದಾಗಲೆಲ್ಲ ದೇವರು ಬೆಚ್ಚಿಬೀಳುತ್ತಿದ್ದ. ನನ್ನದು ಅಂತ ಒಂದು ಗೋಡೆ, ಅದಕ್ಕೆ ಒಂದು ಮೊಳೆ. ನನ್ನ ಆಸೆ ಇಷ್ಟೇ.

೧. ತಟ್ಟೆಯಲ್ಲಿ ಸಿಂಗಾಪುರ

ಭಾವನವರು, ಅಂದರೆ ನನ್ನ ಗಂಡನ ಅಣ್ಣ, ಸಿಂಗಾಪುರದಲ್ಲಿ ಬಹಳ ವರ್ಷ ಇದ್ದು ಬಂದವರು. ಈಗ ಲಾಸ್ ಏಂಜಲೀಸ್ ಕಡೆ, ರೆಡೊಂಡೊ ಬೀಚ್‌ನಲ್ಲಿ ಬಾಡಿಗೆಗಿದ್ದಾರೆ. ಮನೆ ವಿಷಯದಲ್ಲಿ ಅವರ ಮಾತೇ ನಮ್ಮವರಿಗೆ ವೇದ.

ಕೊರೋನಾ ಲಸಿಕೆ ಹಾಕಿಸಿಕೊಂಡು ಎಲ್ಲರೂ ಮತ್ತೆ ಒಬ್ಬರನ್ನೊಬ್ಬರು ಊಟಕ್ಕೆ ಕರೆಯಲು ಶುರು ಮಾಡಿದ ಬೇಸಿಗೆ ಅದು. ಭಾವನವರ ಮನೆಗೆ ನಾವು ಹೋದೆವು. ಹುಬ್ಬಳ್ಳಿ ಕಡೆಯ ಒಂದು ಹೊಸ ಜೋಡಿಯೂ ಬಂದಿತ್ತು. ನಮಗೆ ಅವರ ಗುರುತು ಅಷ್ಟಕ್ಕಷ್ಟೆ. ಅವರು ಆ ರಾತ್ರಿ ಅಲ್ಲೇ ಉಳಿಯುವವರಿದ್ದರು.

ಭಾವನವರು ಚಿತ್ರಾನ್ನದ ತಟ್ಟೆಯನ್ನು ಮುಂದಕ್ಕೆ ಸರಿಸಿದರು. "ಇದು ಸಿಂಗಾಪುರ ಅಂತ ಇಟ್ಕೊಳ್ಳಿ. ಇಷ್ಟೇ ಜಾಗ. ಮನೆ ಬೆಲೆ ಹತ್ತತ್ತೆ, ಹತ್ತತ್ತೆ, ಆಮೇಲೆ ಸರ್ಕಾರ ಕಿವಿ ಹಿಂಡತ್ತೆ, ದಬ್ ಅಂತ ಬೀಳತ್ತೆ. ನಾನೇ ಕಣ್ಣಾರೆ ಕಂಡಿದೀನಿ. ಇದು ಚಕ್ರ. ಇಲ್ಲೂ ಬಿದ್ದೇ ಬೀಳತ್ತೆ. ಕಾಯಬೇಕು ಅಷ್ಟೆ."

ನಮ್ಮವರು ಗಡಿಯಾರ ನೋಡಿದರು. "ಅಣ್ಣ, ಈಗ ಹೊರಡದಿದ್ರೆ ಫ್ರೀವೇನಲ್ಲಿ ಟ್ರಾಫಿಕ್ ಹಿಡ್ಕೊಳ್ಳತ್ತೆ."

"ಪಾಯಸ ಇದೆ ಕಣೋ, ಮಾತೂ ಮುಗಿದಿಲ್ಲ" ಎಂದರು ಭಾವ. ನಮ್ಮವರು ಆಗಲೇ ಚಪ್ಪಲಿ ಮೆಟ್ಟಿದ್ದರು. ಒಂದು ಸಲ ಅಲ್ಲ, ಹೋದಾಗಲೆಲ್ಲ ಇದೇ ಕಥೆ. ಅಷ್ಟು ಬೇಗ ಎದ್ದು ಬಂದರೂ ಟ್ರಾಫಿಕ್ ನಮಗಾಗಿ ಕಾದೇ ಇರುತ್ತಿತ್ತು.

೨. ನಾಲ್ಕು ಹೆಜ್ಜೆ

ಕಾಯುತ್ತಲೇ, ಮಾರಾಟದ ಮನೆಗಳನ್ನು ಜನ ನೋಡಲೆಂದು ತೆರೆದಿಡುವ ಓಪನ್ ಹೌಸ್‌ಗಳಿಗೆ ಹೋಗುತ್ತಿದ್ದೆವು. ನಮ್ಮವರಿಗೆ ಗಾಂಧಿ ಬಜಾರಿನಲ್ಲಿ ತರಕಾರಿ ಕೊಂಡ ಅನುಭವ. ಇಷ್ಟವಾದದ್ದನ್ನು ಮೊದಲು ಹಳಿಯಬೇಕು ಎನ್ನುವುದು ಅವರ ಪಾಲಿಸಿ. ಒಂದು ಮನೆ ನನಗೆ ತುಂಬಾ ಹಿಡಿಸಿತು. ನನ್ನ ಮುಖ ನೋಡಿದವರೇ ಇವರು ಶುರು ಮಾಡಿದರು. ನಲ್ಲಿ ಸೋರುತ್ತದೆ, ಬಣ್ಣ ಹೋಗಿದೆ, ಹಿತ್ತಲು ಇದ್ದೂ ಇಲ್ಲದಂತಿದೆ. ಮನೆ ಮಾರುವ ಏಜೆಂಟಮ್ಮ ಎಲ್ಲದಕ್ಕೂ ನಗುತ್ತಾ ತಲೆಯಾಡಿಸಿದರು. ಇವರು ಕೊನೆಗೆ ಒಂದು ರೇಟು ಹೇಳಿದರು. ಆಕೆ ಅದಕ್ಕೂ ನಕ್ಕರು.

"ನಡಿ, ಹೋಗೋಣ" ಎಂದು ಇವರು ನನ್ನ ಕೈ ಹಿಡಿದು ಹೊರಟರು. "ತಿರುಗಿ ನೋಡ್ಬೇಡ. ನಾಲ್ಕು ಹೆಜ್ಜೆ ಹಾಕು, ಅವರೇ ಕರೀತಾರೆ."

ನಾಲ್ಕು ಹೆಜ್ಜೆ ಆಯಿತು, ನಲವತ್ತೂ ಆಯಿತು. ಕಾರಿನಲ್ಲಿ ಕೂತು ಕಿಟಕಿ ಇಳಿಸಿಕೊಂಡು ಕಾದೆವು. ಸ್ವಲ್ಪ ಹೊತ್ತಿಗೆ ಏಜೆಂಟಮ್ಮ ನಿಜಕ್ಕೂ ಓಡಿ ಬಂದರು. "ನೋಡಿದ್ಯಾ!" ಎಂದರು ಇವರು, ಯುದ್ಧ ಗೆದ್ದವರ ಹಾಗೆ.

ಆಕೆ ಬಗ್ಗಿ ಕೇಳಿದರು: "ಸರ್, ಕಾರು ಸ್ವಲ್ಪ ತೆಗೀತೀರಾ? ನಿಮ್ಮ ಹಿಂದಿನ ಕಾರಿನೋರು ಮನೆ ತಗೊಳ್ಳೋರು."

೩. ಬಿದ್ದ ಬೆಲೆ

೨೦೨೨ರ ಕೊನೆಗೆ ಬೆಲೆ ನಿಜವಾಗಿಯೂ ಒಂದಿಷ್ಟು ಇಳಿಯಿತು. ಭಾವನವರು ಫೋನಿನಲ್ಲಿ "ನಾನು ಹೇಳ್ಲಿಲ್ವಾ?" ಎಂದು ಕೂಗಿದ್ದು ಪಕ್ಕದ ರೂಮಿಗೂ ಕೇಳಿಸಿತು. ಆ ಭಾನುವಾರ ನಾನು ಹೋಳಿಗೆ ಮಾಡಿದೆ.

ಸೋಮವಾರ ಸಾಲ ಕೊಡುವವನಿಗೆ ಫೋನ್ ಮಾಡಿದೆವು. ಬೆಲೆ ಇಳಿದಿದೆ, ಬಡ್ಡಿ ಏರಿದೆ, ಹೋದ ವರ್ಷಕ್ಕಿಂತ ತಿಂಗಳ ಕಂತು ಜಾಸ್ತಿ ಬರುತ್ತದೆ ಎಂದು ಅವನು ಬಿಡಿಸಿ ಬಿಡಿಸಿ ಹೇಳಿದ. ನಮ್ಮವರು ಫೋನ್ ಇಟ್ಟು ಅಡುಗೆಮನೆಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆದು ನೋಡಿದರು. ಆಮೇಲೆ ಕೇಳಿದರು: "ಹೋಳಿಗೆ ಉಳಿದಿದೆಯಾ?"

೪.

ಇದಕ್ಕೆ ಹೆಸರು ಇಡಲು ಮನಸ್ಸು ಬರುತ್ತಿಲ್ಲ. ನಮ್ಮ ಪುಟ್ಟ ಮಗಳು ನಾವು ನೋಡಲು ಹೋದ ಮನೆಯಲ್ಲೆಲ್ಲ ತನ್ನ ರೂಮು ಆರಿಸಿ, ಮಂಚ ಇಲ್ಲಿ, ಬೊಂಬೆ ಅಲ್ಲಿ ಎಂದು ಗೊತ್ತು ಮಾಡುತ್ತಿದ್ದಳು. ಬರುಬರುತ್ತಾ ಅದು ನಿಂತಿತು. ಒಂದು ಭಾನುವಾರ ನನ್ನ ಸಹೋದ್ಯೋಗಿ ಹೊಸ ಮನೆಗೆ ಊಟಕ್ಕೆ ಕರೆದಿದ್ದರು. ಮಗಳು ಬಾಗಿಲಲ್ಲೇ ನಿಂತಳು.

"ಒಳಗೆ ಬಾ ಪುಟ್ಟಿ" ಎಂದೆ.

"ಮಾಮ್, ಈಸ್ ದಿಸ್ ಎ ಲುಕಿಂಗ್ ಹೌಸ್ ಆರ್ ಎ ಲಿವಿಂಗ್ ಹೌಸ್?" ಬರೀ ನೋಡಿ ಬರುವ ಮನೆಯೋ, ಜನ ಇರುವ ಮನೆಯೋ ಎಂದು ಅವಳ ಪ್ರಶ್ನೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವರ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಿಲ್ಲಿಸಿದ ಮೇಲೂ ಆ ನಲ್ಲಿ ಸೋರುತ್ತಿತ್ತು ಅನ್ನುವುದೊಂದೇ ಸಮಾಧಾನ.

೫. ಮೊಳೆ

ಕೊನೆಗೆ ನಮ್ಮ ಬಾಡಿಗೆ ಮನೆಯ ಓನರಮ್ಮನೇ ಮನೆ ಮಾರಲು ಹೊರಟರು. ಇದನ್ನಾದರೂ ಬಿಡಬಾರದು ಎಂದು ಸಾಲಸೋಲ ಮಾಡಿ ಇಷ್ಟು ಕೊಡುತ್ತೇವೆಂದು ನಾವೂ ಆಫರ್ ಹಾಕಿದೆವು. ಜಾಹೀರಾತಿನಲ್ಲಿ ಮೊದಲ ಸಾಲೇ ಗೋಡೆಗಳ ಬಗ್ಗೆ ಇತ್ತು. ಒಂದು ತೂತೂ ಇಲ್ಲದ, ಹೊಸದರಂತಿರುವ ಗೋಡೆಗಳು! ನಾನು ಹೊಡೆಯದ ಮೊಳೆಯೇ ಬೆಲೆ ಏರಿಸಿತ್ತು.

ಜನ ನೋಡಲು ಬರುವ ದಿನ ಸ್ವಂತ ಫೋಟೋಗಳನ್ನೆಲ್ಲ ಮುಚ್ಚಿಟ್ಟು ಹೊರಗೆ ಹೋಗಿ ಎಂದರು ಓನರಮ್ಮ. ದೇವರನ್ನು ಬೀರುವಿನಲ್ಲಿಟ್ಟು, ಪಾರ್ಕಿನಲ್ಲಿ ಕಾರು ನಿಲ್ಲಿಸಿಕೊಂಡು ಕೂತೆವು. ಬಂದವರು ಯಾರೆಂದು ನಮಗೆ ಗೊತ್ತಾಗಲಿಲ್ಲ, ಇದ್ದವರು ಯಾರೆಂದು ಅವರಿಗೂ ಗೊತ್ತಾಗಲಿಲ್ಲ. ಮನೆ ಬೇರೆಯವರ ಪಾಲಾಯಿತು. ನಾವು ಅಪಾರ್ಟ್‌ಮೆಂಟಿಗೆ ಹೋದೆವು. ಅಲ್ಲೂ ಮೊಳೆ ಹೊಡೆಯಬಾರದು.

ಸ್ವಲ್ಪ ದಿನಕ್ಕೆ ವಾಟ್ಸಾಪಿನಲ್ಲಿ ಗೃಹಪ್ರವೇಶದ ಆಮಂತ್ರಣ ಬಂತು. ವಿಳಾಸ ನೋಡಿದೆ. ನಮ್ಮದೇ! ಕರೆದವರು ಭಾವನವರ ಮನೆಯ ಊಟದಲ್ಲಿ ಸಿಕ್ಕಿದ್ದ ಆ ಹುಬ್ಬಳ್ಳಿ ಜೋಡಿ. ಫೋನ್ ಮಾಡಿ ವಿಷಯ ಹೇಳಿದರೆ ಆ ಹುಡುಗಿ ಗಾಬರಿಯಾದಳು. "ಅಯ್ಯ ಅಕ್ಕಾರ, ಆ ಮನ್ಯಾಗ ನೀವಾ ಇದ್ರಿ? ಹಂಗಾರ ನೀವು ಬರಾಕ ಬೇಕ್ರಿ!"

ಕರೆದ ಮೇಲೆ ಹೋಗದೆ ಇರಲಾಗುತ್ತದೆಯೇ? ಹೋದೆವು. ಭಾವನವರೂ ಬಂದಿದ್ದರು. ಹಾಲು ಉಕ್ಕಿಸುವಾಗ ಒಲೆ ಹೊತ್ತಲಿಲ್ಲ. ಅದರ ಗುಂಡಿಯನ್ನು ಸ್ವಲ್ಪ ಒತ್ತಿ ತಿರುಗಿಸಬೇಕೆಂದು ಗೊತ್ತಿದ್ದವಳು ನಾನೊಬ್ಬಳೇ. ನಾನೇ ಹೊತ್ತಿಸಿದೆ. ಹಾಲು ಚೆನ್ನಾಗಿ ಉಕ್ಕಿತು, ಅವರಿಗೆ.

"ಅಕ್ಕಾರ, ದೇವರ ಫೋಟೋಕ್ಕ ಮೊಳಿ ಎಲ್ಲಿ ಹೊಡೀಲ್ರಿ?" ಎಂದಳು ಹುಡುಗಿ. ಯೋಚಿಸುವ ಅಗತ್ಯವೇ ಇರಲಿಲ್ಲ. ವರ್ಷಗಟ್ಟಲೆ ನೋಡಿದ್ದ ಜಾಗಕ್ಕೆ ಬೆರಳಿಟ್ಟೆ. ಸುತ್ತಿಗೆ ಕೇಳಿ ಇಸಿದುಕೊಂಡು ನಾನೇ ಹೊಡೆದೆ. ಒಂದೇ ಏಟಿಗೆ ಹೋಗಬೇಕಾದ ಮೊಳೆಗೆ ನಾಲ್ಕು ಏಟು ಜಾಸ್ತಿಯೇ ಬಿತ್ತು.

ಊಟಕ್ಕೆ ಕೂತಾಗ ಹುಡುಗ ಬಂದು ಭಾವನವರ ಕಾಲಿಗೇ ಬಿದ್ದ. "ಸರ್, ಅವತ್ತು ನಿಮ್ಮ ಮಾತು ಕೇಳಿಯೇ ನಾವು ಮನಿ ಹುಡುಕಾಕ ಹೊಂಟ್ವಿ ನೋಡ್ರಿ."

ನಮ್ಮವರ ತುತ್ತು ಕೈಯಲ್ಲೇ ನಿಂತಿತು. "ಅಣ್ಣ ಹೇಳಿದ್ದು ಬೆಲೆ ಬೀಳತ್ತೆ ಅಂತ ಅಲ್ವಾ?"

"ಅದು ಚಿತ್ರಾನ್ನದಾಗ್ರಿ. ಪಾಯಸದಾಗ ಉಳಿದದ್ದು ಹೇಳಿದ್ರು. ಸಿಂಗಾಪುರದಾಗ ಜಾಗ ಇಲ್ಲ, ಬಂದರು ಗಟ್ಟಿ, ಬ್ಯಾಂಕು ಗಟ್ಟಿ, ಜನಾ ಬರೂದು ನಿಲ್ಲಂಗಿಲ್ಲ. ಬೆಲಿ ಬಿದ್ರೂ ಎದ್ದಾಗ ಮೊದಲಿಗಿಂತ ಮ್ಯಾಲ ಹೋಗಿರ್ತದ. ಸ್ಯಾನ್ ಡಿಯಾಗೊನೂ ಹಂಗ, ಒಂದ್ ಕಡಿ ಸಮುದ್ರ, ಒಂದ್ ಕಡಿ ಗುಡ್ಡ, ಒಂದ್ ಕಡಿ ಮೆಕ್ಸಿಕೊ. ಅದಕ್ಕ ಸಿಕ್ಕಾಗ ತಗೊಂಬಿಡ್ರಿ ಅಂದ್ರು."

ನಮ್ಮವರು ಅಣ್ಣನ ಕಡೆ ತಿರುಗಿದರು. "ಇದನ್ನ ನನಗ್ಯಾಕೆ ಹೇಳ್ಲಿಲ್ಲ?"

"ನೀನು ಯಾವತ್ತಾದ್ರೂ ಪಾಯಸದವರೆಗೂ ಕೂತಿದೀಯೇನೋ?" ಎಂದರು ಭಾವ.

"ಮತ್ತೆ ನೀವ್ಯಾಕೆ ಭಾವ ಇನ್ನೂ ಬಾಡಿಗೆ ಮನೇಲಿದೀರಿ?" ನಾನು ತಡೆಯಲಾರದೆ ಕೇಳಿಬಿಟ್ಟೆ.

ಭಾವನವರು ಎಲೆಯನ್ನು ಮುಂದಕ್ಕೆ ಸರಿಸಿದರು. ಹುಡುಗನ ಕಡೆ ತಿರುಗಿ, "ಇದು ಸಿಂಗಾಪುರ ಅಂತ ಇಟ್ಕೊಳ್ಳಿ. ಚಕ್ರ ಈಗ ತುತ್ತತುದೀಲಿದೆ. ಇನ್ನು ದಬ್ ಅಂತ ಬೀಳತ್ತೆ ನೋಡಿ" ಎಂದರು.

ಹುಡುಗನ ಮುಖ ಬಿಳಚಿಕೊಂಡಿತು. ನಾನು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡೆ.