ಮದುವೆಗೆ ಮೂರು ಸಲ, ಅಂಗಡಿಗೆ ಒಂದು ಸಲ

ಹೊಲಿಗೆ ಮೆಷಿನ್ ಕಂಪನಿಯ ಕೆಲಸದಲ್ಲಿ ಸೂರತ್, ಗುವಾಹಟಿ, ಕೊಲಂಬೊ, ನೈರೋಬಿ ಎಲ್ಲ ಸುತ್ತಿದ್ದೇನೆ. ಹೋದಲ್ಲೆಲ್ಲ ಅಂಗಡಿಯವರು ಕೈ ಹಿಡಿದು ಎಳೆದು ಕೂರಿಸಿದ್ದಾರೆ. ನಮ್ಮ ಕೋಲಾರದ ಕಡೆ ಮಾತ್ರ ಅಂಗಡಿಯವರನ್ನು ನಾವೇ ಪತ್ತೆ ಹಚ್ಚಬೇಕು. ವಾರಕ್ಕೊಮ್ಮೆಯಾದರೂ ಇಂಥದ್ದೊಂದು ನನಗೆ ಎದುರಾಗುತ್ತದೆ. ಮೊದಲೆಲ್ಲ ನಕ್ಕು ಸುಮ್ಮನಾಗುತ್ತಿದ್ದೆ. ಮುಳಬಾಗಿಲಿನಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟಿರುವ ನನ್ನ ಚಿಕ್ಕಮ್ಮನ ಮಗಳು, "ದಸರಾವರೆಗೆ ನೋಡ್ತೀನಿ ಅಕ್ಕ, ಜನ ಬರದಿದ್ರೆ ಬಾಗಿಲು ಹಾಕ್ತೀನಿ" ಅಂದ ದಿನ ನಗು ನಿಂತಿತು. ಅವಳು ರವಿಕೆಗೆ ಕೂಡಿಸಿದ ತೋಳಿನಲ್ಲಿ ಒಂದು ಸುಕ್ಕು ಬಿದ್ದದ್ದಿಲ್ಲ. ತೊಂದರೆ ಏನೆಂದರೆ, ಅದು ನನಗೆ ಮಾತ್ರ ಗೊತ್ತು.

೧. ಟೀ ಅಂಗಡಿಯ ಬೋರ್ಡು

ಶೆಡ್ಡಿಗೆ ಹೆಂಚು ಬೇಕಿತ್ತು, ಮಾಲೂರಿಗೆ ಹೋದೆ. ಒಳ್ಳೆಯ ಹೆಂಚು ಮಾರುವವರೊಬ್ಬರಿದ್ದಾರೆ ಅಂತ ಕೇಳಿದ್ದೆ. ಅದೇ ರಸ್ತೆಯಲ್ಲಿ ಮೂರು ಸಲ ಓಡಾಡಿದರೂ ಸಿಗಲಿಲ್ಲ. ಕೊನೆಗೆ ಒಂದು ಟೀ ಅಂಗಡಿಯ ಮೇಲೆ ಬೋರ್ಡು ಕಂಡಿತು: "ಹೆಂಚಿನವರು ಹಿಂದುಗಡೆ. ಇಲ್ಲಿ ಟೀ ಮಾತ್ರ ಕೇಳಿ." ದಾರಿ ಹೇಳಿ ಹೇಳಿ ಸಾಕಾಗಿ ಟೀಯವನೇ ಬರೆಸಿ ಹಾಕಿದ್ದ.

ಹೆಂಚಿನವರನ್ನು ಕೇಳಿದೆ, "ನೀವೇ ಒಂದು ಬೋರ್ಡು ಹಾಕಬಾರದಾ?"

"ಯಾಕಮ್ಮ? ಗೊತ್ತಿರೋರಿಗೆ ಗೊತ್ತಲ್ಲ."

"ಗೊತ್ತಿಲ್ಲದೋರಿಗೆ?"

"ಗೊತ್ತಿಲ್ಲದೋರು ಯಾಕೆ ಬರ್ತಾರೆ?"

೨. ಗುಲಾಬಿ ಹೂವು

ಇದನ್ನು ಮುಳಬಾಗಿಲಿನ ತಂಗಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. "ನಾನು ಹಂಗಲ್ಲಪ್ಪ, ಅಂಗಡಿ ಬಗ್ಗೆ ವಾಟ್ಸಾಪ್ ಸ್ಟೇಟಸ್ ಹಾಕಿದೀನಿ" ಅಂದಳು.

"ಯಾವಾಗ?"

"ಯುಗಾದಿಗೆ."

"ಒಂದೇ ಸಲಾನಾ? ಮತ್ತೆ ಹಾಕೇ."

"ಹೇಳಿದ್ದೇ ಹೇಳ್ತಿದ್ರೆ ಜನ ಏನಂದ್ಕೋತಾರೆ?"

ಇವಳು ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಜೊತೆ ಶುಭೋದಯ ಹಾಕುವವಳು. ಹೂವು ಕೂಡ ಬದಲಾಗಿಲ್ಲ. ಅದನ್ನು ನೆನಪಿಸಿದೆ.

"ಅದು ಬೇರೆ ಅಕ್ಕ. ಅದರಲ್ಲಿ ನಮಗೇನೂ ಲಾಭ ಇಲ್ಲವಲ್ಲ!"

ಆ ಮಾತು ಎಷ್ಟೋ ದಿನ ನನ್ನ ತಲೆಯಲ್ಲೇ ಕೂತಿತ್ತು. ಶ್ರೀನಿವಾಸಪುರದ ಮಂಡಿಯಲ್ಲಿ ಗಂಟಲು ಹರಿಯುವಂತೆ ಮಾವಿನಹಣ್ಣು ಕೂಗುತ್ತಾರೆ, ಯಾರಿಗೂ ನಾಚಿಕೆಯಿಲ್ಲ. ಮರ ಬಿಟ್ಟಿದ್ದನ್ನು ಕೂಗಬಹುದು. ನಮ್ಮ ಕೈ ಮಾಡಿದ್ದನ್ನು ಹೇಳಿಕೊಂಡರೆ ಜಂಭ. ಹೀಗಂತ ನಮಗೆ ಯಾರು ಕಲಿಸಿದರೋ.

೩. ನಾಳೆಯಿಂದ

ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ಕಲಿಸಲು ಒಂದು ತಿಂಗಳು ಹೋಗುತ್ತಿದ್ದೆ. ಕಂಪನಿ ಬಸ್ಸು ನಿಲ್ಲುವ ಕಡೆ ಒಬ್ಬಾಕೆ ದಿನಾ ಮಜ್ಜಿಗೆ ಮಾರುತ್ತಿದ್ದಳು. "ಬನ್ರಪ್ಪ, ತಣ್ಣಗಿದೆ ಮಜ್ಜಿಗೆ" ಎಂದು ಒಂದೇ ಮಾತು, ಒಂದೇ ರಾಗ. ಶಿಫ್ಟು ಮುಗಿಸಿ ಬಂದವರು ಬಗ್ಗಿಸಿದ ತಲೆ ಎತ್ತದೆ ಬಸ್ಸು ಹತ್ತುತ್ತಿದ್ದರು.

ಒಂದು ದಿನ ಆಕೆ ಬರಲಿಲ್ಲ. ಬಸ್ಸಿಗೆ ಬಸ್ಸೇ ಚಡಪಡಿಸಿತು. "ಎಲ್ಲಿ ಮಜ್ಜಿಗೆಯಮ್ಮ? ಹುಷಾರಿಲ್ವಾ?" ಎಲ್ಲರಿಗಿಂತ ಜೋರಾಗಿ ಪೇಚಾಡುತ್ತಿದ್ದವನನ್ನು ಕೇಳಿದೆ, "ನೀವು ದಿನಾ ಕುಡೀತಿದ್ರಾ?"

"ಇಲ್ಲ ಮೇಡಂ. ನಾಳೆಯಿಂದ ಕುಡಿಯೋಣ ಅಂತಿದ್ದೆ."

ಮಾರನೇ ದಿನ ಆಕೆ ಬಂದಳು. ಬಸ್ಸು ಹೊರಡುವ ಮೊದಲೇ ಕೊಡ ಖಾಲಿ.

೪. ಕುಂಕುಮದ ಬಟ್ಟಲು

ದಸರಾಗೆ ಇನ್ನು ಮೂರು ವಾರ. ತಂಗಿ ಕತ್ತರಿ, ಟೇಪು ಎಲ್ಲ ಪೆಟ್ಟಿಗೆಗೆ ತುಂಬಲು ಶುರು ಮಾಡಿದ್ದಳು. ನಾನು ಕೇಳಿದೆ, "ನಿಮ್ಮಣ್ಣನ ಮಗಳ ಮದುವೆಗೆ ಹೆಂಗೇ ಕರೆದೆ?"

"ಫೋನ್ ಮಾಡಿದೆ. ಮನೆಗೆ ಹೋಗಿ ಪತ್ರಿಕೆ ಕೊಟ್ಟೆ. ಹಿಂದಿನ ದಿನ ಮತ್ತೆ ಹೋಗಿ ಮರೀಬೇಡಿ ಅಂದೆ."

"ಅಂಗಡಿಗೆ?"

"ಮದುವೆಗೆ ಕರೀದಿದ್ರೆ ಬೇಜಾರು ಮಾಡ್ಕೋತಾರೆ ಅಕ್ಕ."

"ಇಲ್ಲಿ ಕರೀದಿದ್ರೆ ನೀನು ಬಾಗಿಲು ಹಾಕ್ತೀಯ. ಇದಕ್ಕೂ ಹಂಗೇ ಹೋಗಿ ಕರಿ."

"ಕುಂಕುಮ ಕೊಟ್ಟು ವ್ಯಾಪಾರಕ್ಕೆ ಕರೆದ್ರೆ ನಗಲ್ವಾ?"

"ನಗಲಿ ಬಿಡೇ. ನಕ್ಕೋರು ಇನ್ನೊಬ್ಬರಿಗೆ ಹೇಳಿ ನಗ್ತಾರೆ, ಅದೂ ಪ್ರಚಾರವೇ."

ಮನೆ ಮನೆಗೂ ಹೋದಳು. ಕೈಯಲ್ಲಿ ಕುಂಕುಮದ ಬಟ್ಟಲು, ಹಣೆ ತುಂಬ ಬೆವರು. "ಶುಕ್ರವಾರ ನಮ್ಮ ಅಂಗಡಿಗೆ ಬನ್ನಿ." ಒಂದು ಸುತ್ತು, ಎರಡನೇ ಸುತ್ತು, ಗುರುವಾರ ಸಂಜೆ ಮೂರನೆಯದು.

ಶುಕ್ರವಾರ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಬಂದರು ನೋಡಿ! ಒಬ್ಬರು "ಏನಮ್ಮ ವಿಶೇಷ?" ಅಂದರು. ಇನ್ನೊಬ್ಬರು ನಲವತ್ತೈದರ ತಂಗಿಯ ಹೊಟ್ಟೆ ನೋಡಿ "ಸೀಮಂತಾನಾ?" ಅಂದರು. ಬಂದವರ್ಯಾರೂ ಬರಿಗೈಲಿ ಬಂದಿರಲಿಲ್ಲ. ಅರಿಶಿನ ಕುಂಕುಮದ ಜೊತೆ ಒಂದೊಂದು ಬ್ಲೌಸ್ ಪೀಸು. ಮೇಜಿನ ಮೇಲೆ ರಾಶಿ ಬಿತ್ತು.

ನಮ್ಮ ಕಡೆ ಹೀಗೆ ಕುಂಕುಮದ ಜೊತೆ ಬಂದ ಬ್ಲೌಸ್ ಪೀಸನ್ನು ಯಾರೂ ಹೊಲಿಸುವುದಿಲ್ಲ. ಒಬ್ಬರು ಕೊಟ್ಟಿದ್ದನ್ನು ಮುಂದಿನ ಮನೆಗೆ ದಾಟಿಸುತ್ತಾರೆ. ರಾಶಿಯಲ್ಲಿದ್ದ ಒಂದು ಗಿಳಿಹಸಿರು ಪೀಸನ್ನು ತಂಗಿ ಎತ್ತಿ ನೋಡಿದಳು. ಹೋದ ವರ್ಷ ಗೌರಿ ಹಬ್ಬಕ್ಕೆ ಅವಳೇ ಬೇರೆ ಯಾರಿಗೋ ಕೊಟ್ಟಿದ್ದು! ಅದನ್ನು ತಂದ ಅಜ್ಜಿಯನ್ನು ಕೂಗಿದಳು. ಜನ್ಮದಲ್ಲಿ ಮೊದಲ ಸಲ ಅವಳ ದನಿ ಬೀದಿಗೆ ಕೇಳಿಸಿತು: "ಅಜ್ಜಿ, ಇದು ಊರೆಲ್ಲ ಸುತ್ತಿದ್ದು ಸಾಕು. ನಿಮಗೇ ಹೊಲಿದುಕೊಡ್ತೀನಿ, ಬನ್ನಿ ಈ ಕಡೆ, ಅಳತೆ ಕೊಡಿ. ನನ್ನ ಹಾಗೆ ತೋಳು ಕೂಡಿಸೋರು ಈ ಊರಲ್ಲಿ ಇಲ್ಲ!"

ಆಮೇಲೆ ಒಬ್ಬರ ಹಿಂದೆ ಒಬ್ಬರು ಸಾಲು ನಿಂತರು. ಸಂಜೆವರೆಗೆ ಟೇಪು ಅವಳ ಕೈ ಬಿಟ್ಟು ಕೊರಳಿಗೆ ಹೋಗಲಿಲ್ಲ. ದಸರಾಗೆ ಬಾಗಿಲು ಹಾಕುವ ಮಾತಿರಲಿ, ಹಬ್ಬದೊಳಗೆ ಹೊಲಿದು ಮುಗಿಸುವುದೇ ಕಷ್ಟವಾಯಿತು.

ಅಂಗಡಿಯಿಂದ ಎರಡೇ ಮನೆ ಆಚೆಗಿರುವ ನಮ್ಮ ಸೋದರತ್ತೆ ಮಾತ್ರ ಬಂದಿರಲಿಲ್ಲ. ಸಿಟ್ಟೇನೋ ಅಂತ ಹೋಗಿ ನೋಡಿದೆ. ರೇಷ್ಮೆ ಸೀರೆ ಉಟ್ಟು, ತೊಡೆಯ ಮೇಲೆ ಬ್ಲೌಸ್ ಪೀಸು ಇಟ್ಟುಕೊಂಡು, ಬೆಳಿಗ್ಗೆಯಿಂದ ಜಗುಲಿ ಮೇಲೆ ಕೂತಿದ್ದಾರೆ!

"ಏನತ್ತೆ, ನಿಮ್ಮನ್ನ ಕರೀಲಿಲ್ವಾ?"

"ಮೂರು ಸಲ ಬಂದು ಕರೆದಳಮ್ಮ, ಇಲ್ಲ ಅನ್ನಲ್ಲ."

"ಮತ್ತೆ?"

"ಇನ್ನೊಂದು ಸಲ ಕರೀಲಿ ಅಂತ ಕಾಯ್ತಿದೀನಿ."