ಎರಡು ಪದಕ್ಕೊಂದು ಯತಿ

ಪರದೇಶದ ಕವಯಿತ್ರಿಯ ಹನ್ನೆರಡು ಸಾಲಿನ ಪದ್ಯವನ್ನು ಸಂಜೆಯೊಳಗೆ ನಮ್ಮ ಭಾಷೆಗೆ ತರಬೇಕು ಎಂದು ಪ್ರಕಾಶನದ ಯಜಮಾನರು ಹೇಳಿದಾಗ ಗುಮಾಸ್ತ ಹಿಂದೆಮುಂದೆ ನೋಡದೆ ಒಪ್ಪಿಕೊಂಡುಬಿಟ್ಟ. ಆ ಪ್ರಕಾಶನ ಸಂಸ್ಥೆಯಲ್ಲಿ ಏಳು ವರ್ಷದಿಂದ ಪುಸ್ತಕದ ಪಾರ್ಸೆಲ್ ಕಟ್ಟುತ್ತಿದ್ದವನು ಅವನು. ಸಂಜೆ ತರಗತಿಗೆ ಹೋಗಿ ಆಕೆಯ ಭಾಷೆ ಕಲಿತವನು ಇಡೀ ಕಚೇರಿಯಲ್ಲಿ ಅವನೊಬ್ಬನೇ.

“ಸಂಜೆ ಸಭೇಲಿ ಕವಯಿತ್ರಿ ಬಂದು ಮೂಲ ಓದಿದ ಮೇಲೆ ಅನುವಾದ ನೀವೇ ಓದಿ. ಲಯ ಸರಿಯಾಗಿ ಬಂದ್ರೆ ನಾಳೆಯಿಂದ ಅನುವಾದ ವಿಭಾಗ ನಿಮ್ಮದು,” ಎಂದಿದ್ದರು ಯಜಮಾನರು. ಹುರಿ ಬಿಗಿದು ಬಿಗಿದು ಬೆರಳು ಜಡ್ಡುಗಟ್ಟಿದವನಿಗೆ ಇನ್ನೇನು ಬೇಕು?

ಹನ್ನೊಂದಕ್ಕೆಲ್ಲ ಪದ್ಯ ಸಿದ್ಧವಾಯಿತು. ‘ಕಿಟಕಿಯ ಹೊರಗಡೆ ಸುರಿದಿದೆ ಮಂಜು’ ಎಂದು ನಾಲ್ಕು ನಾಲ್ಕು ಮಾತ್ರೆಯಲ್ಲಿ ಸರಾಗವಾಗಿ ಓಡುತ್ತಿತ್ತು. ಟೈಪ್ ಮಾಡುವ ಅಕ್ಕ ಮೆಚ್ಚಿಕೊಂಡಳು. ಕರಡು ತಿದ್ದುವ ಮೇಷ್ಟ್ರು ಮಾತ್ರ ಕನ್ನಡಕ ಹಣೆಗೇರಿಸಿದರು.

“ಮೂಲದ ಲಯ ಇದೇ ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ ಮೇಷ್ಟ್ರೇ. ಅವರು ನಮ್ಮ ಹಾಗೆ ಮಾತ್ರೆ ಎಣಿಸಲ್ಲ. ದನಿ ಎಲ್ಲಿ ಒತ್ತಿ ಬೀಳುತ್ತೆ ಅನ್ನೋದಷ್ಟೇ ಲೆಕ್ಕ.”

“ಹಾಗಾದ್ರೆ ಅವರ ಬಾಯಿಂದಲೇ ಕೇಳ್ಬೇಕು.”

ಕೇಳದಿದ್ದರೂ ಸಹಾಯ ಮಾಡುವ ಅಕ್ಕ, ಕವಯಿತ್ರಿ ಅದೇ ಪದ್ಯ ಓದಿದ್ದ ಧ್ವನಿಮುದ್ರಣವನ್ನು ಫೋನಿನಲ್ಲಿ ಹುಡುಕಿ ಹಚ್ಚಿದಳು. ಮೂವರೂ ಕಿವಿಗೊಟ್ಟರು. ಆಕೆ ಎರಡು ಪದ ಹೇಳಿ ನಿಲ್ಲುತ್ತಿದ್ದರು, ಮತ್ತೆರಡು ಹೇಳಿ ನಿಲ್ಲುತ್ತಿದ್ದರು.

“ಕೇಳಿದ್ಯೇನಯ್ಯಾ? ಇದು ಯತಿ. ಪದ್ಯದ ನಡುವೆ ಬೇಕಂತಲೇ ನಿಲ್ಲೋ ಜಾಗ. ಅದನ್ನ ಬಿಟ್ರೆ ಪದ್ಯಾನೇ ಬಿಟ್ಟ ಹಾಗೆ,” ಎಂದರು ಮೇಷ್ಟ್ರು.

ಅಲ್ಲಿಗೆ ಗುಮಾಸ್ತನ ನೆಮ್ಮದಿ ಮಣ್ಣುಪಾಲಾಯಿತು. ಊಟ ಬಿಟ್ಟು ಕುಳಿತು, ಅವರ ಎರಡು ಪುಟ್ಟ ಪದಕ್ಕೆ ನಮ್ಮದೊಂದು ಎಂದು ಲೆಕ್ಕ ಹಾಕಿ, ಎಲ್ಲವನ್ನೂ ಐದು ಮಾತ್ರೆಗೆ ಎಳೆದು ಪದಪದಕ್ಕೂ ಯತಿ ಇಟ್ಟ. ‘ಕಿಟಕಿಯಾ, ಹೊರಗಡೆಗೆ, ಸುರಿಯುತಿದೆ, ಮಂಜು.’ ಬೈಂಡಿಂಗ್ ಮಾಡುವ ಮಾವ ತಾನೂ ಒಂದು ಕೈ ನೋಡೋಣವೆಂದು ಬಂದು, ನಿಲ್ಲುವಲ್ಲೆಲ್ಲ ಮರದ ಸುತ್ತಿಗೆಯಿಂದ ಮೇಜು ಕುಟ್ಟಿದ. ಈ ಗದ್ದಲದಲ್ಲಿ ಮೂರು ಪಾರ್ಸೆಲ್ ತಪ್ಪು ವಿಳಾಸಕ್ಕೆ ಹೋದವು. ಜಾಗ ಉಳಿಯಲಿ ಎಂದು ಅಕ್ಕ ಬೆಳಗಿನ ಪದ್ಯವನ್ನು ಕಂಪ್ಯೂಟರಿನಿಂದ ಅಳಿಸಿಯೂ ಬಿಟ್ಟಳು.

ಸಂಜೆ ಮೊದಲನೇ ಮಹಡಿಯ ಸಭಾಂಗಣ ತುಂಬಿತ್ತು. ಕವಯಿತ್ರಿ ಮೊದಲು ಓದಿದರು. ಎಲ್ಲೂ ನಿಲ್ಲಲಿಲ್ಲ. ಇಳಿಜಾರಿನ ಸೈಕಲ್ಲಿನಂತೆ ಹನ್ನೆರಡು ಸಾಲೂ ಒಂದೇ ಓಟದಲ್ಲಿ ಇಳಿದುಹೋದವು. ಗುಮಾಸ್ತ ಮೇಷ್ಟ್ರನ್ನು ಹುಡುಕಿದ. ಅವರು ಚಾವಣಿ ನೋಡುತ್ತಿದ್ದರು.

ಕೈಯಲ್ಲಿದ್ದದ್ದು ಒಂದೇ ಹಾಳೆ. ವಿಧಿಯಿಲ್ಲದೆ ಎದ್ದು ನಿಂತು ಓದಿದ, ಐದು ಮಾತ್ರೆಗೊಮ್ಮೆ ನಿಂತ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಮುಗಿಸುತ್ತಿದ್ದಂತೆ ಕವಯಿತ್ರಿ ನೀರಿನ ಲೋಟ ಹಿಡಿದು ಬಂದರು. ತಮ್ಮ ಭಾಷೆಯಲ್ಲಿ ಮೆಲ್ಲಗೆ, “ಪಾಪ, ನಿಮಗೂ ಏದುಸಿರೇ? ಧ್ವನಿಮುದ್ರಣದ ದಿನ ನನಗೂ ಹೀಗೇ ಆಗಿತ್ತು. ಲಿಫ್ಟ್ ಕೆಟ್ಟು ನಾಲ್ಕು ಮಹಡಿ ಹತ್ತಿದ್ದೆ,” ಎಂದರು.

“ಏನಂದ್ರು?” ಎಂದು ಕೇಳಿದರು ಯಜಮಾನರು. “ಅವರು ಒಂದೇ ಸಮ ಓದಿದ್ರಲ್ಲ, ನೀವ್ಯಾಕೆ ನಿಂತು ನಿಂತು ಓದಿದ್ರಿ? ಲಯ ತಪ್ಪಿಸಿದ್ರಾ?”

ಆ ಮಾತು ಅಲ್ಲಿ ಇನ್ನಾರಿಗೂ ತಿಳಿಯುವಂತಿರಲಿಲ್ಲ. ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು.

“ಪದ್ಯದ ಲಯ ಸರಿಯಾಗೇ ಇದೆ ಸಾರ್. ನನಗೇ ಸ್ವಲ್ಪ ಏದುಸಿರು. ಮೆಟ್ಟಿಲು ಹತ್ತಿದ್ರೆ ಹೀಗಾಗುತ್ತೆ. ಅವರೂ ಅದನ್ನೇ ವಿಚಾರಿಸ್ಕೊಂಡ್ರು.”

ಯಜಮಾನರ ಮುಖ ಮೆತ್ತಗಾಯಿತು. ಅವನ ಭುಜದ ಮೇಲೆ ಕೈಯಿಟ್ಟರು.

“ಮೊದಲೇ ಹೇಳ್ಬಾರದೇನ್ರೀ? ಅನುವಾದ ವಿಭಾಗ ಇರೋದು ಮೂರನೇ ಮಹಡೀಲಿ, ನಮ್ಮಲ್ಲಿ ಲಿಫ್ಟೂ ಇಲ್ಲ. ನಿಮ್ಮ ಜೀವಕ್ಕಿಂತ ಅದು ಹೆಚ್ಚಾ? ಕೆಳಗೆ ಪಾರ್ಸೆಲ್ಲಲ್ಲೇ ಆರಾಮಾಗಿ ಇದ್ದುಬಿಡಿ.”